ಜೋಗುಳಕ್ಕೂ ಬೀಸುಕಲ್ಲಿಗೂ ನಡುವೆ

ನಮ್ಮ ಜನಪದ ಕಾವ್ಯದಲ್ಲಿ ತಾಯಿಯ ರಾತ್ರಿಗೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಜೋಗುಳ, ಇನ್ನೊಂದರಲ್ಲಿ ಬೀಸುವ ಪದ. ಮೊದಲನೆಯದು ಮಗು ಮಲಗಲೆಂದು, ಎರಡನೆಯದು ಮನೆ ಏಳುವಷ್ಟರಲ್ಲಿ ಹಿಟ್ಟಾಗಲೆಂದು. ಇವೆರಡರ ನಡುವೆ ಉಳಿದದ್ದೇ ಅವಳ ನಿದ್ದೆ. ಆ ನಿದ್ದೆಯ ಬಗ್ಗೆ ನಮ್ಮ ವಿಮರ್ಶೆ ಹೆಚ್ಚು ಮಾತಾಡಿಲ್ಲ.

ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಇಂಥ ತ್ರಿಪದಿಗಳನ್ನು ತವರಿನ ಹಂಬಲ, ದೈವಭಕ್ತಿ, ತಾಯ್ತನದ ಸಂಭ್ರಮ ಎಂದು ವಿಂಗಡಿಸಿ ಓದುವುದು ತರಗತಿಗಳ ರೂಢಿ. ಹಾಡಿನ ವಸ್ತುವನ್ನು ಕೇಳುತ್ತೇವೆ, ಹಾಡಿದ ಹೊತ್ತನ್ನು ಕೇಳುವುದಿಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಅವಳೇಕೆ ಎದ್ದಿದ್ದಳು? ಹಗಲೆಲ್ಲ ಹೊಲ, ಒಲೆ, ಮಕ್ಕಳಿಗೆ ಹಂಚಿಹೋಗಿತ್ತು. ಬೀಸಲು ಸಿಕ್ಕಿದ್ದು ನಿದ್ದೆಯಿಂದ ಕಡಿದುಕೊಂಡ ಹೊತ್ತು.

ಅದು ಅವಳದೇ ಹೊತ್ತಾಗಿತ್ತು, ಅತ್ತೆ-ಗಂಡ ಮಲಗಿರುವಾಗ ಕಲ್ಲಿನೆದುರು ಮನಸ್ಸು ಬಿಚ್ಚಬಹುದಿತ್ತು ಎಂಬ ವಾದವುಂಟು. ಒಪ್ಪುತ್ತೇನೆ. ಆದರೆ ಮನಸ್ಸು ಬಿಚ್ಚಲು ನಿದ್ದೆಯನ್ನೇ ಬೆಲೆಯಾಗಿ ತೆರಬೇಕಾದ ಮನೆ ಎಂಥದು ಎಂಬ ಪ್ರಶ್ನೆ ಆ ವಾದದೊಳಗೇ ಇದೆ.

ಈ ಪ್ರಶ್ನೆಯೊಂದಿಗೆ ತ್ರಿವೇಣಿಯವರ ‘ಶರಪಂಜರ’ಕ್ಕೆ ಬಂದರೆ ಕಾದಂಬರಿ ಬೇರೆಯಾಗಿ ಕಾಣುತ್ತದೆ. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು ಮರಳಿದವಳನ್ನು ಮನೆ ನಂಬುವುದಿಲ್ಲ. ಬಾಣಂತನದ ನಿದ್ದೆಗೇಡು ಇಂಥ ಕಾಯಿಲೆಯನ್ನು ಕೆರಳಿಸಬಲ್ಲದು ಎಂದು ವೈದ್ಯರು ಇಂದು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ. ಆದರೆ ತ್ರಿವೇಣಿಯವರಿಗೆ ಮುಖ್ಯವಾದದ್ದು ಕಾಯಿಲೆಯಷ್ಟೇ ಅಲ್ಲ, ಅದನ್ನು ಓದುವ ಕಣ್ಣುಗಳು. ಕಾವೇರಿ ಏನು ಮಾಡಿದರೂ ಅದು ಹುಚ್ಚಿನ ಲಕ್ಷಣ. ಮನೆ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಿಲ್ಲ, ಅವಳನ್ನು ಪರೀಕ್ಷಿಸುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ಮೇಲೆ ಕಲ್ಪನಾ ಅವರ ಅಭಿನಯವೇ ನಮ್ಮ ನೆನಪನ್ನು ತುಂಬಿತು. ಸುತ್ತಲಿನವರ ಆ ಸಣ್ಣ ಸಣ್ಣ ಅನುಮಾನಗಳು ಹಿಂದೆ ಸರಿದವು.

ಹುಚ್ಚಿನವರೆಗೆ ಹೋಗದ ಮನೆಗಳಲ್ಲೂ ಈ ಓದು ನಡೆದೇ ಇದೆ. ಅಮ್ಮ ಬೆಳಿಗ್ಗೆ ಸಿಡುಕಿದರೆ ನಮ್ಮ ಮನೆಯಲ್ಲಿ ಅದಕ್ಕೆ ‘ಅವಳ ಸ್ವಭಾವ’ ಎಂದು ಹೆಸರು. ನಲ್ಲಿಯಲ್ಲಿ ನೀರು ಬರುವುದು ನಾಲ್ಕೂವರೆಗೆ, ಅಪ್ಪನ ಕೊನೆಯ ಊಟ ಮುಗಿಯುವುದು ಹನ್ನೊಂದಕ್ಕೆ ಎಂಬುದು ಆ ಸ್ವಭಾವದ ಲೆಕ್ಕದಲ್ಲಿ ಸೇರುವುದಿಲ್ಲ. ಬೀಸುಕಲ್ಲು ಮೂಲೆ ಸೇರಿದೆ, ಮಿಕ್ಸಿ ಬಂದಿದೆ. ಹೊತ್ತು ಮಾತ್ರ ಅವಳಿಗೆ ಮರಳಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97.

ನಿದ್ದೆಯನ್ನು ನಾವು ದೇಹದ ಖಾಸಗಿ ಸಂಗತಿ ಎಂದುಕೊಳ್ಳುತ್ತೇವೆ. ಆದರೆ ಮನೆಯಲ್ಲಿ ಅದೂ ಅನ್ನದಂತೆ ಹಂಚಿಕೆಯ ಸಂಗತಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ತಾಯಿಯನ್ನು ನಮ್ಮ ಸಾಹಿತ್ಯ ಬಹಳ ಹಿಂದೆಯೇ ಗುರುತಿಸಿದೆ. ಎಲ್ಲರೂ ಮಲಗಿ ಉಳಿದ ಹೊತ್ತಿನಲ್ಲಿ ಮಲಗುವವಳೂ ಅವಳೇ. ತಾಯ್ತನದ ತ್ಯಾಗವೆಂದು ನಾವು ಹೊಗಳಿದ ಹಾಡುಗಳಲ್ಲಿ ಎಷ್ಟು ಬರೀ ದಣಿವಿನ ಹಾಡುಗಳಿರಬಹುದು? ಅದನ್ನು ತಿಳಿಯಲು ಹೊಸ ಸಿದ್ಧಾಂತ ಬೇಕಿಲ್ಲ. ಹಾಡನ್ನು ಅದು ಹುಟ್ಟಿದ ಗಳಿಗೆಯಲ್ಲಿಟ್ಟು ಇನ್ನೊಮ್ಮೆ ಓದಿದರೆ ಸಾಕು.