ಯಾರ ಕೆಲಸವಾಯಿತು ಎಂಬ ಲೆಕ್ಕ

ಮೈಕ್ರೋಸಾಫ್ಟ್‌ನ ಬಿಂಗ್ ಸರ್ಚ್ ಎಂಜಿನ್‌ನಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದೊಳಗೆ ಒಮ್ಮೆ ದೋಷ ನುಸುಳಿತು. ಒಂದು ಗುಂಪಿನ ಬಳಕೆದಾರರಿಗೆ ತೀರಾ ಕಳಪೆ ಫಲಿತಾಂಶಗಳು ಕಾಣತೊಡಗಿದವು. ಅಂಕಿಗಳು ಮಾತ್ರ ಶುಭಸುದ್ದಿ ಹೇಳುತ್ತಿದ್ದವು. ಆ ಗುಂಪಿನಲ್ಲಿ ತಲಾ ಹುಡುಕಾಟ ಶೇ 10ಕ್ಕೂ ಹೆಚ್ಚು, ತಲಾ ಆದಾಯ ಶೇ 30ಕ್ಕೂ ಹೆಚ್ಚು ಏರಿತ್ತು. ಬೇಕಾದದ್ದು ಸಿಗದ ಜನ ಮತ್ತೆ ಮತ್ತೆ ಹುಡುಕಿದ್ದರು. ಫಲಿತಾಂಶಗಳಿಗಿಂತ ಜಾಹೀರಾತೇ ವಾಸಿ ಎನಿಸಿ ಅದನ್ನೇ ಒತ್ತಿದ್ದರು. ಮೈಕ್ರೋಸಾಫ್ಟ್‌ನ ರಾನ್ ಕೊಹಾವಿ ಮತ್ತು ಸಹೋದ್ಯೋಗಿಗಳು 2012ರ ಪ್ರಬಂಧದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ಒಬ್ಬ ವ್ಯಕ್ತಿ ಬಿಂಗ್‌ಗೆ ಎಷ್ಟು ಸಲ ಮರಳಿ ಬರುತ್ತಾನೆ ಎಂಬುದು ಏರಬೇಕು, ಒಂದು ಕೆಲಸಕ್ಕೆ ಎಷ್ಟು ಸಲ ಹುಡುಕಬೇಕಾಯಿತು ಎಂಬುದು ಇಳಿಯಬೇಕು ಎಂಬ ತೀರ್ಮಾನಕ್ಕೂ ಬಂದರು.

ಒಂದು ಆ್ಯಪ್ ಅಥವಾ ಜಾಲತಾಣದ ವಿನ್ಯಾಸ ಫಲ ಕೊಡುತ್ತಿದೆಯೇ ಎಂದು ಅಳೆಯುವ ವಿದ್ಯೆಗೆ ಈಗ ಅರ್ಧ ಶತಮಾನದ ಇತಿಹಾಸವಿದೆ. ಅದರಲ್ಲಿ ಎರಡು ಧಾರೆಗಳನ್ನು ಗುರುತಿಸಬಹುದು. ಮೊದಲನೆಯದು, ಬಂದವರು ಬಂದ ಕೆಲಸ ಮುಗಿಸಿಕೊಂಡರೇ ಎಂದು ಕೇಳುತ್ತದೆ. ಎರಡನೆಯದು, ಬಂದವರು ಏನೇನು ಮಾಡಿದರು ಎಂದು ಎಣಿಸುತ್ತದೆ. ಎರಡನೆಯದರ ಕೈಯಲ್ಲಿ ಕೋಟ್ಯಂತರ ಕ್ಲಿಕ್ಕುಗಳ ದಾಖಲೆ ಇರುವುದರಿಂದ ಇಂದು ಅದರದೇ ಮೇಲುಗೈ. ಆದರೆ ಮೊದಲ ಪ್ರಶ್ನೆ ಕೈತಪ್ಪಿದರೆ ಎರಡನೆಯದರ ಉತ್ತರಗಳು ಎಷ್ಟು ನಿಖರವಾಗಿದ್ದರೂ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಬಿಂಗ್‌ನ ಪ್ರಸಂಗವೇ ಸಾಕ್ಷಿ.

ಮೊದಲ ಧಾರೆ ಹುಟ್ಟಿದ್ದು ಮನಃಶಾಸ್ತ್ರದ ಪ್ರಯೋಗಾಲಯಗಳಲ್ಲಿ. ಗುರಿ ಎಷ್ಟು ದೂರ, ಎಷ್ಟು ಚಿಕ್ಕದು ಎಂಬುದರ ಮೇಲೆ ಕೈ ಅದನ್ನು ಮುಟ್ಟುವ ಸಮಯ ನಿಂತಿದೆ ಎಂದು ಪಾಲ್ ಫಿಟ್ಸ್ 1954ರಲ್ಲಿ ಸೂತ್ರವಾಗಿ ತೋರಿಸಿದರು. 1978ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಅದೇ ಸೂತ್ರ ಹಿಡಿದು ಮೌಸ್, ಜಾಯ್‌ಸ್ಟಿಕ್ ಮತ್ತು ಕೀಲಿಗಳನ್ನು ಹೋಲಿಸಿದರು. ಗೆದ್ದದ್ದು ಮೌಸ್, ಮನುಷ್ಯನ ಕೈ ಎಷ್ಟು ವೇಗವಾಗಿ ಗುರಿ ಮುಟ್ಟಬಲ್ಲದೋ ಹೆಚ್ಚುಕಡಿಮೆ ಅಷ್ಟೇ ವೇಗ ಅದಕ್ಕೂ ಇತ್ತು.

ಈ ಪರಂಪರೆಯ ದೊಡ್ಡ ಗೆಲುವು ಅಮೆರಿಕದ ನೈನೆಕ್ಸ್ ಟೆಲಿಫೋನ್ ಕಂಪನಿಯಲ್ಲಿ ಕಂಡಿತು. ಆಪರೇಟರುಗಳಿಗೆಂದು ತರಲು ಹೊರಟಿದ್ದ ಹೊಸ ಯಂತ್ರ ನೋಡಲು ಆಧುನಿಕ, ಕೀಲಿ ಒತ್ತುವ ಕೆಲಸವೂ ಕಡಿಮೆ ಎಂಬ ಭರವಸೆಯೊಂದಿಗೆ ಬಂದಿತ್ತು. ಸಂಶೋಧಕರಾದ ವೇಯ್ನ್ ಗ್ರೇ, ಬಾನಿ ಜಾನ್ ಮತ್ತು ಮೈಕೆಲ್ ಆಟ್‌ವುಡ್ ಪ್ರತಿ ಕರೆಯನ್ನೂ ಕಣ್ಣಿನ ನೋಟ, ಬೆರಳಿನ ಚಲನೆ, ಮಾತು, ಕಾಯುವಿಕೆ ಎಂದು ಬಿಡಿಸಿ ಲೆಕ್ಕ ಹಾಕಿದರು. ಹೊಸ ಯಂತ್ರದಲ್ಲಿ ಕರೆ ಮುಗಿಯಲು ಹೆಚ್ಚು ಹೊತ್ತು ಬೇಕು ಎಂದಿತು ಲೆಕ್ಕ. ನಿಜವಾದ ಕರೆಗಳ ಮೇಲೆ ನಡೆದ ಪರೀಕ್ಷೆಯೂ ಅದನ್ನೇ ಹೇಳಿತು. ಉಳಿಸಿದ ಕೀಲಿಗಳು ಬಹುಪಾಲು ಗ್ರಾಹಕ ಮಾತಾಡುತ್ತಿರುವಾಗಲೇ ಒತ್ತುವಂಥವು. ಅವುಗಳಿಂದ ಕರೆಯ ಅವಧಿ ಇಳಿಯುತ್ತಿರಲಿಲ್ಲ. ಪ್ರತಿ ಕರೆಗೆ ಸೆಕೆಂಡಿನೊಳಗಿನ ವ್ಯತ್ಯಾಸವೇ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ನಷ್ಟ ತರುತ್ತಿತ್ತು.

1998ರಲ್ಲಿ ಐಎಸ್‌ಒ 9241-11 ಮಾನದಂಡ ಈ ಚಿಂತನೆಗೆ ಅಧಿಕೃತ ರೂಪ ಕೊಟ್ಟಿತು. ಇಂಥ ಬಳಕೆದಾರರು, ಇಂಥ ಗುರಿ, ಇಂಥ ಸಂದರ್ಭ ಎಂದು ಮೊದಲೇ ಹೇಳಬೇಕು; ಆಮೇಲೆ ಕೆಲಸ ಆಯಿತೇ, ಎಷ್ಟು ಶ್ರಮವಾಯಿತು, ಮನಸ್ಸಿಗೆ ಹಿಡಿಸಿತೇ ಎಂದು ನೋಡಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಅಳತೆ ಅರೆಬರೆ. 2018ರಲ್ಲಿ ಮಾನದಂಡ ಪರಿಷ್ಕರಣೆಯಾದರೂ ಈ ತಿರುಳು ಬದಲಾಗಲಿಲ್ಲ.

ಮೂರರಲ್ಲಿ ಮನಸ್ಸಿನ ಭಾಗವನ್ನು ಅಳೆಯಲು ಅತಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಯುಎಸ್ ಎಂಬ ಪ್ರಶ್ನಾವಳಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ಜಾನ್ ಬ್ರೂಕ್ 1986ರಲ್ಲಿ ಅದನ್ನು ರೂಪಿಸಿದರು. ಒಟ್ಟು ಹತ್ತು ಹೇಳಿಕೆಗಳು. ಬೆಸ ಸಂಖ್ಯೆಯವು ಹೊಗಳಿಕೆ, ಸಮ ಸಂಖ್ಯೆಯವು ದೂರು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಒಪ್ಪಿಗೆ ಸೂಚಿಸಬೇಕು. ಹೊಗಳಿಕೆಯ ಅಂಕದಿಂದ 1 ಕಳೆದು, ದೂರಿನ ಅಂಕವನ್ನು 5ರಿಂದ ಕಳೆದು, ಎಲ್ಲವನ್ನೂ ಕೂಡಿ 2.5ರಿಂದ ಗುಣಿಸಬೇಕು. ಎಲ್ಲ ಹೊಗಳಿಕೆಗೂ 4, ಎಲ್ಲ ದೂರಿಗೂ 2 ಹಾಕಿದವರ ಅಂಕ 75. ಅದು ಶೇಕಡಾವಾರು ಅಲ್ಲ. ಹಲವು ಅಧ್ಯಯನಗಳ ಸರಾಸರಿಯೇ ಸುಮಾರು 68 ಆಗಿರುವುದರಿಂದ, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಎನಿಸುವ 65 ಇಲ್ಲಿ ಸರಾಸರಿಗಿಂತ ಕೆಳಗೆ. ಕೆಲವೇ ನಿಮಿಷದ ಕೆಲಸ, ನಂಬಬಹುದಾದ ಅಂಕ: ಎಸ್‌ಯುಎಸ್ ಬಾಳಿಕೆ ಬಂದಿರುವುದಕ್ಕೆ ಇಷ್ಟು ಸಾಕು. ಆದರೆ ತೊಡಕು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಅರ್ಜಿ ತುಂಬುವಲ್ಲಿ ಸೋತವರೂ ತಪ್ಪು ತಮ್ಮದೇ ಎಂದುಕೊಂಡು ಒಳ್ಳೆಯ ಅಂಕ ಕೊಟ್ಟು ಎದ್ದುಹೋಗಬಹುದು.

ತೊಡಕು ಹುಡುಕುವ ಕೆಲಸಕ್ಕೆ ಯಾಕೋಬ್ ನೀಲ್ಸನ್ ಅಗ್ಗದ ದಾರಿ ತೋರಿಸಿದರು. ಥಾಮಸ್ ಲ್ಯಾಂಡವರ್ ಜೊತೆ 1993ರಲ್ಲಿ ಪ್ರಕಟಿಸಿದ ಮಾದರಿಯ ಪ್ರಕಾರ ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ಬಯಲಿಗೆಳೆದರೆ, ಐದು ಮಂದಿ ಸುಮಾರು ಶೇ 85ರಷ್ಟನ್ನು ಎಳೆಯುತ್ತಾರೆ. ಸಣ್ಣ ತಂಡಗಳೂ ಪರೀಕ್ಷೆಗೆ ಇಳಿಯುವಂತೆ ಮಾಡಿದ್ದು ಈ ಮಾತೇ, ಆ ಉಪಕಾರ ದೊಡ್ಡದು. ಆದರೆ ತಿದ್ದಲು ಹೇಳಿದ ಸೂತ್ರವನ್ನು ಉದ್ಯಮ ತೀರ್ಪು ಕೊಡಲು ಬಳಸತೊಡಗಿತು. ಐದಕ್ಕೆ ಐದೂ ಮಂದಿ ಕೆಲಸ ಮುಗಿಸಿದರೆ ವಿನ್ಯಾಸ ಪಾಸಾಯಿತು ಎನ್ನುವುದು ರೂಢಿಯಾಯಿತು. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಐವರಲ್ಲಿ ಒಬ್ಬರೂ ಸೋಲದಿದ್ದರೂ ನಿಜವಾದ ಸೋಲಿನ ಪ್ರಮಾಣ ಶೇ 45ರವರೆಗೆ ಇರಬಹುದು ಎನ್ನುತ್ತದೆ ಶೇ 95ರ ವಿಶ್ವಾಸ ಮಟ್ಟದ ಲೆಕ್ಕ.

ಪರೀಕ್ಷಕರ ನಡುವಿನ ವ್ಯತ್ಯಾಸ ಇನ್ನೂ ಕಳವಳಕಾರಿ. ಡೆನ್ಮಾರ್ಕಿನ ರಾಲ್ಫ್ ಮೋಲಿಕ್ ಒಂದೇ ಜಾಲತಾಣವನ್ನು, ಅಂದಿನ ಹಾಟ್‌ಮೇಲ್ ಅನ್ನು, ಒಂಬತ್ತು ತಂಡಗಳ ಕೈಗಿಟ್ಟರು. ತಂಡಗಳು ಒಟ್ಟು 310 ತೊಡಕು ಪಟ್ಟಿ ಮಾಡಿದವು. ಅವುಗಳಲ್ಲಿ ನಾಲ್ಕನೇ ಮೂರು ಪಾಲು ಒಂದೊಂದೇ ತಂಡದ ಕಣ್ಣಿಗೆ ಬಿದ್ದಂಥವು. ಈ ವಿದ್ಯೆಯೊಳಗಿನವರೇ ಇಂಥ ಪರೀಕ್ಷೆ ನಡೆಸಿ ಫಲಿತಾಂಶ ಪ್ರಕಟಿಸಿದರು ಎಂಬುದು ಪರಂಪರೆಯ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ತಜ್ಞರ ವರದಿಗಳು ಹೀಗೆ ಒಂದಕ್ಕೊಂದು ತಾಳೆಯಾಗದಾಗ, ಅಂಕಿಗಳೇ ಮಾತಾಡಲಿ ಎಂಬ ವಾದಕ್ಕೆ ಬಲ ಬಂತು.

ಎರಡನೇ ಧಾರೆ ಬೆಳೆದದ್ದು ಆ ಬಲದಿಂದ. ಜನರನ್ನು ಎರಡು ಗುಂಪು ಮಾಡಿ ಎರಡು ವಿನ್ಯಾಸ ತೋರಿಸಿ ಹೋಲಿಸುವ ಎ/ಬಿ ಟೆಸ್ಟಿಂಗ್, ಕಾರಣ ಮತ್ತು ಪರಿಣಾಮವನ್ನು ಬಿಡಿಸಿ ತೋರಿಸುವಲ್ಲಿ ಸರಿಸಾಟಿಯಿಲ್ಲದ ವಿಧಾನ. ಅದರ ಅತಿರೇಕವೂ ಪ್ರಸಿದ್ಧ. ನೀಲಿ ಬಣ್ಣದ 41 ಛಾಯೆಗಳನ್ನು ಪರೀಕ್ಷೆಗೆ ಒಡ್ಡುವ ಕಂಪನಿಯಲ್ಲಿ ವಿನ್ಯಾಸಕಾರನಿಗೆ ಕೆಲಸವಿಲ್ಲ ಎಂದು ಡಗ್ಲಸ್ ಬೋಮನ್ 2009ರಲ್ಲಿ ಗೂಗಲ್ ಬಿಟ್ಟರು. ಮರುವರ್ಷ ಅದೇ ಗೂಗಲ್‌ನ ಕೆರಿ ರಾಡೆನ್, ಹಿಲರಿ ಹಚಿನ್ಸನ್ ಮತ್ತು ಶಿನ್ ಫು 'ಹಾರ್ಟ್' ಎಂಬ ಚೌಕಟ್ಟು ಮುಂದಿಟ್ಟರು. ಬಳಕೆದಾರರ ಖುಷಿ, ತೊಡಗುವಿಕೆ, ಹೊಸಬರ ಸೇರ್ಪಡೆ, ಉಳಿಯುವಿಕೆ, ಕೆಲಸದ ಯಶಸ್ಸು ಎಂಬ ಐದನ್ನೂ ಪರಿಗಣಿಸಿ ತಕ್ಕವನ್ನು ಆರಿಸಿಕೊಳ್ಳಬೇಕು; ಅದಕ್ಕೂ ಮೊದಲು ಗುರಿ ಏನೆಂದು ಬರೆಯಬೇಕು, ಆಮೇಲೆ ಸೂಚನೆ, ಕೊನೆಗೆ ಅಳತೆ ಎಂದು ಅವರು ಒತ್ತಿ ಹೇಳಿದರು. ಆ ಕ್ರಮವೇ ಚೌಕಟ್ಟಿನ ಜೀವಾಳ. ಆದರೆ ಬಹಳಷ್ಟು ಕಂಪನಿಗಳ ಡ್ಯಾಶ್‌ಬೋರ್ಡಿಗೆ ಬಂದದ್ದು ತಾನಾಗಿ ಎಣಿಕೆಯಾಗುವ ಮೂರು: ತೊಡಗುವಿಕೆ, ಸೇರ್ಪಡೆ, ಉಳಿಯುವಿಕೆ.

ಉಳಿಯುವಿಕೆ ಎಂಬ ಅಂಕಿ ಏನನ್ನೆಲ್ಲ ಮುಚ್ಚಬಲ್ಲದು ಎಂಬುದಕ್ಕೆ ಅಮೆಜಾನ್ ಪ್ರೈಮ್ ಪ್ರಕರಣವಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಹೂಡಿದ ದಾವೆಯ ಪ್ರಕಾರ, ಸದಸ್ಯತ್ವ ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು. ಹೋಮರನ ಸುದೀರ್ಘ ಮಹಾಕಾವ್ಯ ಇಲಿಯಡ್‌ನ ಹೆಸರನ್ನೇ ಆ ದಾರಿಗೆ ಕಂಪನಿಯೊಳಗೆ ಇಡಲಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, ಅಮೆಜಾನ್ 250 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಹೊರಹೋಗುವ ದಾರಿ ಕಷ್ಟವಾದಷ್ಟೂ ಉಳಿದವರ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಇಷ್ಟಪಟ್ಟು ಉಳಿದವರು ಯಾರು, ಸಿಕ್ಕಿಬಿದ್ದವರು ಯಾರು ಎಂದು ಆ ಅಂಕಿ ಬೇರ್ಪಡಿಸುವುದಿಲ್ಲ. ಭಾರತದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಎನ್ನುವ, ಬಳಕೆದಾರರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು.

ಲಾಭದ ಆಸೆ ಇಲ್ಲದ ಕಡೆಯೂ ಅಳತೆ ಅರ್ಧಕ್ಕೇ ನಿಲ್ಲಬಹುದು. ಕರ್ನಾಟಕದ 'ಭೂಮಿ' ಯೋಜನೆ ಅದಕ್ಕೆ ಉದಾಹರಣೆ. ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಸಿಗತೊಡಗಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರ ಸಮೀಕ್ಷೆಯಲ್ಲಿ ರೈತರನ್ನೇ ಕೇಳಿ, ಹಳೆಯ ಪದ್ಧತಿಗಿಂತ ಕೆಲಸ ಸಲೀಸಾಗಿದೆ, ಲಂಚ ಬಹಳ ಇಳಿದಿದೆ ಎಂದು ದಾಖಲಿಸಿತು. ಗ್ರಾಮ ಲೆಕ್ಕಿಗರ ಬಳಿ ಅಲೆದವರಿಗೆ ಅದು ನಿಜವಾದ ಬಿಡುಗಡೆ. ಆದರೆ 2007ರಲ್ಲಿ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರು ಸುತ್ತಲಿನ ಭೂವ್ಯವಹಾರಗಳನ್ನು ಅಧ್ಯಯನ ಮಾಡಿ ಬೇರೆಯೇ ಚಿತ್ರ ಕೊಟ್ಟರು: ದಾಖಲೆ ಒಂದೆಡೆ ಕೇಂದ್ರೀಕರಣಗೊಂಡಿದ್ದು ದೊಡ್ಡ ಖರೀದಿದಾರರಿಗೆ ಅನುಕೂಲವಾಯಿತು, ಭ್ರಷ್ಟಾಚಾರ ಮೇಲಿನ ಹಂತಕ್ಕೆ ಸರಿಯಿತು ಎಂದು. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಒಂದು ಪಹಣಿ ಪಡೆಯುವ ಕೆಲಸವನ್ನು ಅಳೆಯಿತು, ಇನ್ನೊಂದು ಜಮೀನು ಉಳಿಸಿಕೊಳ್ಳುವ ಕೆಲಸವನ್ನು. ರೈತನಿಗೆ ಎರಡೂ ಬೇಕು.

ಪಾಶ್ಚಾತ್ಯ ಪರಂಪರೆ ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿ ನಮ್ಮಲ್ಲಿದೆ. ಅದರ ಬಹುಪಾಲು ಮಾಪನಗಳು ಪರದೆಯ ಮುಂದೆ ಕೂತವರೇ ಫಲಾನುಭವಿ ಎಂದು ಭಾವಿಸುತ್ತವೆ. ಹಳ್ಳಿಯ ಸೈಬರ್ ಸೆಂಟರಿನಲ್ಲಿ, ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೌಂಟರಿನಲ್ಲಿ ಕೀಲಿಮಣೆ ಇರುವುದು ಆಪರೇಟರ್ ಕೈಯಲ್ಲಿ. ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ ಹಿಡಿದು ಅರ್ಜಿದಾರರು ಪಕ್ಕದಲ್ಲಿ ನಿಂತಿರುತ್ತಾರೆ. ಅದೇ ಅರ್ಜಿಯನ್ನು ದಿನವೂ ತುಂಬುವ ಆಪರೇಟರ್ ತೊಡಕಿನ ಪುಟವನ್ನೂ ಸರಸರನೆ ದಾಟುತ್ತಾರೆ. ಸರ್ವರ್ ಲಾಗ್‌ನಲ್ಲಿ ಅದು ಅತ್ಯುತ್ತಮ ವಿನ್ಯಾಸವಾಗಿ ದಾಖಲಾಗುತ್ತದೆ. ಅಜ್ಜಿಯೊಬ್ಬರು ಒಂದು ಅಕ್ಷರವನ್ನೂ ಓದಲಾಗದೆ ಓಟಿಪಿ ಹೇಳಿ, ಹಣ ಕೊಟ್ಟು ಹೋದದ್ದು ಯಾವ ಕಾಲಂನಲ್ಲೂ ಇರುವುದಿಲ್ಲ.

ಸರ್ಕಾರಿ ಸೇವೆಗಳನ್ನು ಅಳೆಯಲು ಒಂದು ಮಾದರಿ ಈಗಾಗಲೇ ಇದೆ. ಬ್ರಿಟನ್ ಸರ್ಕಾರ ತನ್ನ ಆನ್‌ಲೈನ್ ಸೇವೆಗಳಿಗೆ ನಾಲ್ಕು ಅಳತೆ ಕಡ್ಡಾಯ ಮಾಡಿತ್ತು: ಪ್ರತಿ ವ್ಯವಹಾರದ ಖರ್ಚು, ಬಳಕೆದಾರರ ತೃಪ್ತಿ, ಶುರು ಮಾಡಿದವರಲ್ಲಿ ಮುಗಿಸಿದವರ ಪ್ರಮಾಣ, ಆನ್‌ಲೈನ್ ಆಯ್ದುಕೊಂಡವರ ಪ್ರಮಾಣ. ಅವು ಸಾರ್ವಜನಿಕರ ಕಣ್ಣಿಗೂ ಬೀಳುವಂತೆ ಪ್ರಕಟವಾಗುತ್ತಿದ್ದವು. ನಮ್ಮ ಸೇವಾ ಸಿಂಧುವಿನಂಥ ಪೋರ್ಟಲ್‌ಗಳು ಬಂದ ಅರ್ಜಿ ಎಷ್ಟು, ವಿಲೇವಾರಿಯಾದದ್ದು ಎಷ್ಟು ಎಂಬಲ್ಲಿಗೆ ನಿಲ್ಲದೆ ಈ ನಾಲ್ಕಕ್ಕೆ ಇನ್ನೆರಡು ಸೇರಿಸಿ ಪ್ರಕಟಿಸಬೇಕು. ಕನ್ನಡದ ಪುಟದಲ್ಲಿ ಶುರು ಮಾಡಿದವರಲ್ಲಿ ಎಷ್ಟು ಮಂದಿ ಇಂಗ್ಲಿಷಿಗೆ ಹೊರಳದೆ ಕೊನೆ ಮುಟ್ಟಿದರು ಎಂಬುದು ಒಂದು. ಸ್ವತಃ ತುಂಬಿದವರೆಷ್ಟು, ಬೇರೆಯವರಿಂದ ತುಂಬಿಸಿಕೊಂಡವರೆಷ್ಟು, ಅದಕ್ಕೆ ಕೊಟ್ಟ ಹಣವೆಷ್ಟು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಬೇಕಾದ ದಾಖಲೆ ಸರ್ವರ್‌ನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಅರ್ಜಿಯ ಕೊನೆಯ ಪುಟದಲ್ಲಿ ಎರಡು ಪ್ರಶ್ನೆ ಸೇರಿಸಿ, ವರ್ಷಕ್ಕೊಮ್ಮೆ ಕೆಲವು ತಾಲ್ಲೂಕುಗಳಲ್ಲಿ ಕೌಂಟರಿನ ಪಕ್ಕ ನಿಂತವರನ್ನು ಮಾತಾಡಿಸಿ ಉತ್ತರ ತಾಳೆ ನೋಡಬೇಕು. ಸರ್ಕಾರ ಮನಸ್ಸು ಮಾಡಿದರೆ ಮುಂದಿನ ಬಜೆಟ್ಟಿನೊಳಗೆ ಇದನ್ನು ಶುರು ಮಾಡಬಹುದು.