ವೈಮಾನಿಕ ಛಾಯಾಚಿತ್ರ ಮತ್ತು ಸ್ಥಳೀಯ ಚರಿತ್ರೆ: ಬಳ್ಳಾರಿ, ಕುರುಗೋಡು, ಸಿರುಗುಪ್ಪ ಪರಿಸರದ ಒಂದು ಪರಿಶೀಲನೆ

ಸ್ಥಳೀಯ ಚರಿತ್ರೆಯ ರಚನೆಗೆ ಶಾಸನ, ಕೈಫಿಯತ್ತು, ಕಂದಾಯ ದಾಖಲೆ ಹಾಗೂ ಮೌಖಿಕ ಪರಂಪರೆಗಳನ್ನು ಆಕರಗಳಾಗಿ ಬಳಸುವ ಪದ್ಧತಿ ಕನ್ನಡ ಸಂಶೋಧನೆಯಲ್ಲಿ ನೆಲೆಗೊಂಡಿದೆ. ಈ ಸಾಲಿಗೆ ವೈಮಾನಿಕ ಛಾಯಾಚಿತ್ರ ಸೇರಿದುದು ತಡವಾಗಿ. ಇಂಗ್ಲೆಂಡಿನಲ್ಲಿ ಓ.ಜಿ.ಎಸ್. ಕ್ರಾಫರ್ಡ್ ಮತ್ತು ಅಲೆಗ್ಸಾಂಡರ್ ಕೀಲರ್ ಅವರು 1928ರಲ್ಲಿಯೇ ವೆಸೆಕ್ಸ್ ಪ್ರದೇಶದ ಪ್ರಾಚೀನ ನೆಲೆಗಳನ್ನು ಆಕಾಶದಿಂದ ತೆಗೆದ ಚಿತ್ರಗಳ ಮೂಲಕ ಗುರುತಿಸಿ ಪ್ರಕಟಿಸಿದ್ದರು. ಭಾರತದಲ್ಲಿ ಇಂತಹ ಚಿತ್ರಗಳು ರಕ್ಷಣೆಯ ಕಾರಣದಿಂದ ಬಹುಕಾಲ ಸಂಶೋಧಕರಿಗೆ ಸುಲಭವಾಗಿ ದೊರೆಯಲಿಲ್ಲ. 1960ರಿಂದ 1972ರವರೆಗೆ ಅಮೆರಿಕದ ಕೊರೋನಾ ಗೂಢಚರ್ಯೆ ಉಪಗ್ರಹಗಳು ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗಗೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಹಳೆಯ ನೆಲವನ್ನು ಮೇಲಿನಿಂದ ನೋಡುವ ಅವಕಾಶವೇನೋ ಒದಗಿತು. ಆದರೆ ಚಿತ್ರದಲ್ಲಿ ಕಂಡ ಗೆರೆಗೂ ಚುಕ್ಕೆಗೂ ಯಾವ ಆಧಾರದ ಮೇಲೆ ಹೆಸರಿಡಬೇಕು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ಬಳ್ಳಾರಿ, ಕುರುಗೋಡು ಮತ್ತು ಸಿರುಗುಪ್ಪಗಳ ನಿದರ್ಶನಗಳು ಈ ಪ್ರಶ್ನೆಯನ್ನು ಸ್ಪಷ್ಟಪಡಿಸುತ್ತವೆ.

ಮೊದಲಿಗೆ ಬಳ್ಳಾರಿ ಕೋಟೆ. ಏಕಶಿಲೆಯಂತೆ ತೋರುವ ಗುಡ್ಡದ ಮೇಲಿನ ಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದನೆಂದೂ, ಅದರ ಬುಡದ ಕೆಳಕೋಟೆಯನ್ನು 18ನೆಯ ಶತಮಾನದಲ್ಲಿ ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನ ನೆರವಿನಿಂದ ಕಟ್ಟಿಸಿದನೆಂದೂ ಪ್ರತೀತಿ. ಮೇಲಿನಿಂದ ನೇರವಾಗಿ ತೆಗೆದ ಚಿತ್ರದಲ್ಲಿ ಈ ಎರಡು ಸುತ್ತುಗಳೂ ಎದ್ದು ಕಾಣುವುದು ಸಹಜ. ಕೋಟೆಯ ವಿನ್ಯಾಸ ತಿಳಿಯಲು ಇದಕ್ಕಿಂತ ಉತ್ತಮ ಸಾಧನವಿಲ್ಲ. ಆದರೆ ಈ ಕೋಟೆಯ ಬಗೆಗೆ ಜನ ಹೇಳುವ ಕಥೆಯ ತಿರುಳು ಇರುವುದು ವಿನ್ಯಾಸದಲ್ಲಲ್ಲ, ಎತ್ತರದಲ್ಲಿ. ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾದುದು, ಅಲ್ಲಿಂದ ಕೋಟೆಯ ಒಳಗುಟ್ಟು ವೈರಿಗೆ ತಿಳಿಯುತ್ತದೆ ಎಂಬುದು ಕೋಟೆ ಮುಗಿದ ಮೇಲೆ ಹೈದರನ ಗಮನಕ್ಕೆ ಬಂತಂತೆ. ಅವನು ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಒಂಟಿ ಚಿತ್ರದಲ್ಲಿ ಎರಡೂ ಗುಡ್ಡಗಳು ಚಪ್ಪಟೆಯಾಗಿ ಒಂದೇ ಮಟ್ಟದಲ್ಲಿ ಬಿದ್ದಿರುತ್ತವೆ. ಒಂದರ ಮೇಲೊಂದು ಅಂಶತಃ ಚಾಚಿದ ಎರಡು ಚಿತ್ರಗಳನ್ನು ಸ್ಟೀರಿಯೋಸ್ಕೋಪಿನ ಮೂಲಕ ನೋಡಿದರೆ ಏರುತಗ್ಗು ಮರಳಿ ದೊರೆಯುತ್ತದೆ, ನಿಜ. ಆದರೆ ಅಲ್ಲಿ ಎತ್ತರವನ್ನೇ ಹುಡುಕಬೇಕು ಎಂದು ಓದುಗನಿಗೆ ಸೂಚಿಸುವುದು ಕಥೆ.

ಕುಂಬಾರ ಗುಡ್ಡದ ಇನ್ನೊಂದು ಸಂಗತಿಯೂ ಇಲ್ಲಿ ಉಲ್ಲೇಖನೀಯ. ಆಗ್ನೇಯದಿಂದ ನೋಡಿದಾಗ ಅದು ಮನುಷ್ಯನ ಮುಖದಂತೆ ತೋರುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ಫೇಸ್ ಹಿಲ್’ ಎಂಬ ಹೆಸರು ಬಂತು. ನೆಲದ ಮೇಲೆ ನಿಂತ ಕಣ್ಣು ಕೊಟ್ಟ ಹೆಸರಿದು. ಆಕಾಶದ ಕಣ್ಣಿಗೆ ಆ ಮುಖವಿಲ್ಲ. ಕೋಟೆಯ ಪೂರ್ವ ಬಾಗಿಲ ಬಳಿಯ ಸಮಾಧಿಯ ವಿಷಯ ಇನ್ನೂ ಸೂಕ್ಷ್ಮವಾದುದು. ಅದು ಆ ಫ್ರೆಂಚ್ ಎಂಜಿನಿಯರನದೆಂದು ಕೆಲವರು ನಂಬಿದರೆ, ಸ್ಥಳೀಯ ಮುಸಲ್ಮಾನರಲ್ಲಿ ಕೆಲವರು ಅದನ್ನು ಸಂತರೊಬ್ಬರ ಗೋರಿಯೆಂದು ಭಾವಿಸುತ್ತಾರೆ. ಕೊರೋನಾದ ಅತ್ಯುತ್ತಮ ಚಿತ್ರಗಳಲ್ಲಿಯೂ ಸುಮಾರು 2 ಮೀಟರಿಗಿಂತ ಕಿರಿದಾದ ವಸ್ತು ಬಿಡಿಯಾಗಿ ಗುರುತಿಗೆ ಸಿಗದು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಈ ಎರಡು ನಂಬಿಕೆಗಳಲ್ಲಿ ಒಂದನ್ನು ಅದು ಆರಿಸಿಕೊಡಲಾರದು. ನಕ್ಷೆಯಲ್ಲಿ ‘ಎಂಜಿನಿಯರನ ಸಮಾಧಿ’ ಎಂದಷ್ಟೇ ಬರೆಯುವ ಸಂಶೋಧಕನು ಗುರುತಿಸಿದಂತಾಗುವುದಿಲ್ಲ. ಒಂದು ಸಮುದಾಯದ ನೆನಪನ್ನು ಅಳಿಸಿದಂತಾಗುತ್ತದೆ.

ಬೂದಿದಿಬ್ಬಗಳ ಅಧ್ಯಯನದ ಇತಿಹಾಸ ಈ ವಿಷಯಕ್ಕೆ ಹೆಚ್ಚಿನ ಬೆಳಕು ಚೆಲ್ಲುತ್ತದೆ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿ, ಬಳ್ಳಾರಿಗೆ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಮೊದಲಾದ ಕಡೆಗಳಲ್ಲಿ ಇಂತಹ ದಿಬ್ಬಗಳಿವೆ. ಕಪ್ಪು ಎರೆನೆಲದ ನಡುವಿನ ಬೂದುಬಣ್ಣದ ರಾಶಿ ಮೇಲಿನಿಂದ ನೋಡಿದಾಗ ಸುಣ್ಣದ ಭಟ್ಟಿಯ ಅವಶೇಷವೆಂದೋ ಹಾಳುಬಿದ್ದ ಹುಡೆಯೆಂದೋ ಭ್ರಮೆ ಹುಟ್ಟಿಸಬಹುದು. ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಇವುಗಳ ಬಗೆಗೆ ಬರೆದರು. ರಾಬರ್ಟ್ ಸಿವೆಲ್ 1899ರಲ್ಲಿ ಇವು ವಿಜಯನಗರ ಕಾಲದ ಸಾಮೂಹಿಕ ದಹನದ ಕುರುಹುಗಳಿರಬಹುದೆಂಬ ಊಹೆಯತ್ತ ಒಲಿದರು. ಜಾನುವಾರು ಕೂಡಿದ ದೊಡ್ಡಿಗಳೊಡನೆ ಇವುಗಳ ಸಂಬಂಧವನ್ನು ಕಂಡವರು ರಾಬರ್ಟ್ ಬ್ರೂಸ್ ಫೂಟ್. ಇದು ಸುಟ್ಟ ಸಗಣಿಯೇ ಎಂಬುದನ್ನು 1960ರಲ್ಲಿ ಜ್ಯೂನರ್ ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಡಿಸಿದರು. ಉತ್ನೂರಿನಲ್ಲಿ 1957ರಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ತಮ್ಮ 1963ರ ಗ್ರಂಥದಲ್ಲಿ ಈ ದಿಬ್ಬಗಳನ್ನು ನವಶಿಲಾಯುಗದ ದನಗಾಹಿಗಳಿಗೆ ಸೇರಿಸಿದರು. ಅಷ್ಟೇ ಅಲ್ಲ, ಹಬ್ಬಗಳಲ್ಲಿ ದನಗಳನ್ನು ಬೆಂಕಿ ದಾಟಿಸುವ ಇಂದಿನ ಆಚರಣೆಗಳೊಡನೆ ಹೋಲಿಸಿದರು. ಸಂಕ್ರಾಂತಿಯಂದು ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಈ ಹೋಲಿಕೆಯ ಬಲ ಬೇಗ ಅರ್ಥವಾಗುತ್ತದೆ.

ಜನವಾಣಿ ಈ ರಾಶಿಗಳನ್ನು ರಕ್ಕಸರ ದೇಹ ಸುಟ್ಟ ಬೂದಿಯೆಂದು ವಿವರಿಸುತ್ತದೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಜಾಗವೆಂದು ಹೇಳುತ್ತಾರೆ. ಇದು ಪುರಾಣೀಕರಣ, ಕಾಲನಿರ್ಣಯಕ್ಕೆ ಇದನ್ನು ಆಧಾರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ‘ಇದು ಬೂದಿ, ಇಲ್ಲಿ ದೊಡ್ಡ ಬೆಂಕಿ ಉರಿದಿದೆ’ ಎಂಬ ಮೂಲ ವಿವರದಲ್ಲಿ ಜನವಾಣಿ ತಪ್ಪಲಿಲ್ಲ. ಸುರಪುರ ಭಾಗದ ಬೂದಿಹಾಳದ ಹೆಸರಿನಲ್ಲಿಯೇ ಬೂದಿ ಉಳಿದಿದೆ, ಅಲ್ಲಿ ಕೆ. ಪದ್ದಯ್ಯ ಅವರ ಉತ್ಖನನ ನವಶಿಲಾಯುಗದ ನೆಲೆಯನ್ನೂ ಬೂದಿದಿಬ್ಬವನ್ನೂ ಹೊರತಂದಿತು. ಹೆಸರು ವಸ್ತುವನ್ನು ಕಾಪಾಡಿತು, ಕಥೆ ಅದಕ್ಕೆ ಬೇರೆ ಕಾಲವನ್ನು ಕೊಟ್ಟಿತು. ಈ ಎರಡನ್ನೂ ಬೇರ್ಪಡಿಸಿ ಓದುವುದು ಜಾನಪದ ವಿಮರ್ಶೆಯ ಹೊಣೆ.

ಕುರುಗೋಡಿನಲ್ಲಿ ಸಮಸ್ಯೆ ಬೇರೆ ಬಗೆಯದು. ಬಲ್ಲಕುಂದೆ ನಾಡನ್ನಾಳಿದ ಸಿಂದರ ರಾಜಧಾನಿಯಾಗಿದ್ದ ಈ ಊರು ಬೆಟ್ಟ, ಕೋಟೆ, ದೇಗುಲಗಳಿಂದ ಕೂಡಿದೆ. ಬೃಹತ್ ಏಕಶಿಲಾ ನಂದಿಯಿರುವ ದೊಡ್ಡಬಸವೇಶ್ವರ ಗುಡಿ ಇಂದಿಗೂ ಊರಿನ ಧಾರ್ಮಿಕ ಬದುಕಿನ ಕೇಂದ್ರ. ಮೇಲಿನ ಚಿತ್ರದಲ್ಲಿ ಗುಡಿ ಒಂದು ಚೌಕ, ತೇರುಬೀದಿ ಒಂದು ಬಿಳಿ ಪಟ್ಟಿ. ಬೀದಿ ಅಷ್ಟು ಅಗಲವೇಕೆ ಎಂಬುದಕ್ಕೆ ಉತ್ತರ ರಥೋತ್ಸವದ ದಿನ ಮಾತ್ರ ದೊರೆಯುತ್ತದೆ. ಛಾಯಾಚಿತ್ರ ಒಂದು ಕ್ಷಣವನ್ನು ಹಿಡಿಯುತ್ತದೆ; ಜಾತ್ರೆಯ ನೆಲವಾದರೋ ವರ್ಷಚಕ್ರದಲ್ಲಿ ಬದುಕುತ್ತದೆ. ಖಾಲಿಯಾಗಿ ಕಂಡುದನ್ನೆಲ್ಲ ‘ಬಯಲು’ ಎಂದು ನಮೂದಿಸುವ ಓದು ಇಲ್ಲಿ ಎಡವುತ್ತದೆ.

ಸಿರುಗುಪ್ಪದ ನೀರಾವರಿ ನೆಲ ಕಾಲದ ಎಚ್ಚರವನ್ನು ಬೇಡುತ್ತದೆ. ತುಂಗಭದ್ರೆಯಿಂದ ನೇರವಾಗಿ ನೀರೆಳೆಯುವ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ವಿಜಯನಗರ ಪರಂಪರೆಯ ಕಾಲುವೆಗಳ ಸಾಲಿಗೆ ಸೇರಿದವು. ತುಂಗಭದ್ರಾ ಜಲಾಶಯದಿಂದ 1953ರ ನಂತರ ಹರಿದ ಬಲದಂಡೆಯ ಕಾಲುವೆ ಬೇರೆ ವ್ಯವಸ್ಥೆ. ಬಳುಕುವ ಗೆರೆ ಹಳೆಯದು, ನೇರ ಗೆರೆ ಹೊಸದು ಎಂಬ ಸುಲಭ ಸೂತ್ರ ಇಲ್ಲಿ ನಡೆಯದು. ಇಳಿಜಾರನ್ನು ಅನುಸರಿಸುವ ಕಾಲುವೆ ಯಾವ ಕಾಲದ್ದಾದರೂ ಬಳುಕುತ್ತದೆ. ಅದರ ತಲೆಮಡುವು ನದಿಯಲ್ಲಿದೆಯೋ ಜಲಾಶಯದಲ್ಲಿದೆಯೋ ಎಂಬುದನ್ನು ಮೊದಲು ನೋಡಬೇಕು. ಅಲ್ಲದೆ ಕೊರೋನಾ ಚಿತ್ರಗಳು 1960ರ ನಂತರದವು. ಅವುಗಳಲ್ಲಿ ಕಂಡ ಗದ್ದೆಯನ್ನು ಅಣೆಕಟ್ಟೆಗೆ ಮುಂಚಿನ ಸ್ಥಿತಿಯೆಂದು ಭಾವಿಸುವುದು ಕಾಲದೋಷ. ಅದಕ್ಕೆ ಹಳೆಯ ಗ್ರಾಮನಕ್ಷೆ ಮತ್ತು ಹೊಲಗಳ ಹೆಸರುಗಳೇ ಆಸರೆ. ಇಂದು ಭತ್ತ ಬೆಳೆಯುವ ಗದ್ದೆಗೆ ಒಣಬೇಸಾಯದ ಹೆಸರು ಉಳಿದಿದ್ದರೆ, ಆ ಹೆಸರು ಚಿತ್ರಕ್ಕಿಂತ ಹಳೆಯ ದಾಖಲೆ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅವರು ಗುಡ್ಡದ ಮೇಲಿನ ನವಶಿಲಾಯುಗದ ವಸತಿಯನ್ನು ಉತ್ಖನನ ಮಾಡಿ 1965ರಲ್ಲಿ ವರದಿ ಪ್ರಕಟಿಸಿದರು. ಅಂತಹ ನಿವೇಶನಗಳು ಬಂಡೆಗಳ ಸಂದಿಯಲ್ಲಿರುತ್ತವೆ. ಕುಪ್ಪಗಲ್ಲಿನ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳೂ ಬಡಿದರೆ ನಾದಗೊಡುವ ಕಲ್ಲುಗಳೂ ಯಾವ ವಿಮಾನಕ್ಕೂ ಕಾಣವು. ಇದೇ ಗುಡ್ಡಗಳಲ್ಲಿ ನಡೆದ ಕಲ್ಲುಗಣಿಗಾರಿಕೆ ಅವುಗಳಿಗೆ ಹಾನಿ ತಂದಿದೆ. ಗುಡ್ಡ ಹೋದ ಮೇಲೆ ಹಳೆಯ ಛಾಯಾಚಿತ್ರ ಅದರ ಆಕಾರಕ್ಕೆ ಸಾಕ್ಷಿಯಾಗಿ ಉಳಿಯಬಹುದು. ಆದರೆ ಯಾವ ಬಂಡೆಗೆ ಯಾವ ಹೆಸರಿತ್ತು, ಯಾವ ಕಲ್ಲು ನಾದ ಕೊಡುತ್ತಿತ್ತು ಎಂಬುದನ್ನು ಹೇಳುವ ಹಿರಿಯರು ಇಲ್ಲವಾದರೆ ಆ ಸಾಕ್ಷಿ ಮೂಕವಾಗುತ್ತದೆ.

ಆದುದರಿಂದ ವೈಮಾನಿಕ ಚಿತ್ರದ ಗುರುತಿಸುವಿಕೆಗೆ ಒಂದು ಕ್ರಮ ಅಗತ್ಯ. ಚಿತ್ರದ ದಿನಾಂಕ ಹಾಗೂ ಬಗೆಯನ್ನು ನಿರ್ಧರಿಸಿ, ರೂಪವನ್ನು ನಕ್ಷೆ ಮತ್ತು ಶಾಸನಗಳೊಡನೆ ತಾಳೆ ನೋಡಬೇಕು. ಅನಂತರ ಚಿತ್ರವನ್ನು ಊರಿಗೆ ಒಯ್ದು ದನಗಾಹಿ, ನೀರುಗಂಟಿ, ಪೂಜಾರಿ, ಕಲ್ಲುಕೆಲಸದವರ ಮುಂದಿಟ್ಟು ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಬೇಕು. ಹೆಸರುಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ದಾಖಲಿಸಬೇಕು. ಗ್ರಂಥಾಲಯಗಳು ಚಿತ್ರವನ್ನು ಕಾಪಾಡುವಾಗ ಈ ಹೆಸರುಪಟ್ಟಿಯನ್ನೂ ಅದರ ಜೊತೆಗೇ ಕಾಪಾಡಬೇಕು. ಚಿತ್ರ ಇನ್ನೂ ನೂರು ವರ್ಷ ಕಾಯಬಲ್ಲದು. ಹೆಸರು ಹೇಳುವ ನಾಲಗೆಗೆ ಆ ಅವಧಿಯಿಲ್ಲ.