ಅಧೀರ ನಾಯಕ: ಅನಂತನಾಗ್ ಅವರ ಅಭಿನಯ ವಿಚಾರ

ಸಂಸ್ಕೃತದ ನಾಟ್ಯಲಕ್ಷಣಕಾರರು ನಾಯಕನನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ. ಶ್ರೀರಾಮನ ಗಾಂಭೀರ್ಯ ಬೇರೆ, ಭೀಮಸೇನನ ಆರ್ಭಟ ಬೇರೆ. ಉದಯನನ ವಿಲಾಸ ಬೇರೆ, ಚಾರುದತ್ತನ ಶಾಂತಿ ಬೇರೆ. ಗುಣಗಳಲ್ಲಿ ಎಷ್ಟೇ ಭೇದವಿದ್ದರೂ ‘ಧೀರ’ ಎಂಬ ವಿಶೇಷಣ ನಾಲ್ವರಿಗೂ ಸಮಾನ. ತಕ್ಕ ಗಳಿಗೆಯಲ್ಲಿ ಎದೆಗುಂದುವವನಿಗೆ, ಒಳಿತನ್ನು ಬಲ್ಲವನಾಗಿಯೂ ಅದನ್ನು ಮಾಡಲಾರದವನಿಗೆ, ಆ ಪಂಕ್ತಿಯಲ್ಲಿ ಎಲೆಯಿಲ್ಲ. ಅಂಥವನಿಗೂ ಮಣೆ ಹಾಕಿದುದು ಆಧುನಿಕ ಸಾಹಿತ್ಯ. ಕನ್ನಡದ ನಟರಲ್ಲಿ ಈ ಅಧೀರ ನಾಯಕನಿಗೆ ಮೈ, ದನಿ, ಕಣ್ಣುಗಳನ್ನು ಕೊಟ್ಟವರಲ್ಲಿ ಅಗ್ರಗಣ್ಯರು ಶ್ರೀ ಅನಂತನಾಗ್. ಐದು ದಶಕಗಳನ್ನು ಮೀರಿದ ಅವರ ಕಲಾಜೀವನದ ಮುಖ್ಯ ಸೂತ್ರ ಇದೇ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರ ಹೈದರಾಬಾದಿನ ಕನ್ನಡಿಗರಿಗೆ ದೂರದ್ದಲ್ಲ. ಈ ನಗರ ಚಲನಚಿತ್ರದ ಎರಡು ವಿಭಿನ್ನ ಕಲ್ಪನೆಗಳನ್ನು ಕಂಡಿದೆ. ಒಂದಕ್ಕೆ ಕುರುಹಾಗಿ ನಗರದ ಪೂರ್ವಭಾಗದ ನಾಚಾರಂನಲ್ಲಿ ಶ್ರೀ ಎನ್.ಟಿ. ರಾಮರಾವ್ ಅವರ ಹೆಸರಿನೊಡನೆ ಕೂಡಿಬಂದ ಸ್ಟುಡಿಯೋ ತಲೆಯೆತ್ತಿತು. ರಂಗಭೂಮಿಯ ಹವ್ಯಾಸದಿಂದ ಚಿತ್ರರಂಗಕ್ಕೆ ಬಂದ ಆ ಮಹಾನಟರು 1977ರಲ್ಲಿ ತೆರೆಕಂಡ ‘ದಾನವೀರಶೂರಕರ್ಣ’ದಲ್ಲಿ ತಾವೇ ಕರ್ಣ, ತಾವೇ ದುರ್ಯೋಧನ, ತಾವೇ ಶ್ರೀಕೃಷ್ಣರಾದರು, ನಿರ್ದೇಶನವೂ ಅವರದೇ. ಉದಾತ್ತ, ಉದ್ಧತ ಎರಡನ್ನೂ ಒಂದೇ ಶರೀರದಲ್ಲಿ ಧರಿಸಬಲ್ಲ ಧೀರತ್ವದ ಪರಾಕಾಷ್ಠೆ ಅದು. ಇನ್ನೊಂದು ಕಲ್ಪನೆಯ ಕುರುಹು ಅದಕ್ಕೂ ಮೊದಲೇ, 1974ರ ‘ಅಂಕುರ್’ ಚಿತ್ರದಲ್ಲಿ, ಮೂಡಿತ್ತು. ಅಲ್ಲಿ ಕಿರೀಟವಿಲ್ಲ, ಕಟ್ಟಿದ ಅರಮನೆಯಿಲ್ಲ. ಹೈದರಾಬಾದಿನ ಎಲ್ಲಾರೆಡ್ಡಿಗೂಡದಲ್ಲಿ, ಇದ್ದ ನೆಲವನ್ನೂ ಇದ್ದ ಬಿಸಿಲನ್ನೂ ನೆಚ್ಚಿ, ಅದನ್ನು ಚಿತ್ರೀಕರಿಸಿದರು. ಅದರ ನಾಯಕ ಅನಂತನಾಗ್.

1948ರಲ್ಲಿ ಜನಿಸಿದ ಅನಂತನಾಗ್ ಅವರ ಮನೆಮಾತು ಕೊಂಕಣಿ. ಬಾಲ್ಯದ ವಿದ್ಯಾಭ್ಯಾಸ ಆನಂದಾಶ್ರಮ, ಚಿತ್ರಾಪುರ ಮಠಗಳ ಪರಿಸರದಲ್ಲಿ, ಮುಂದಿನದು ಮುಂಬಯಿಯಲ್ಲಿ. ಆ ಮಹಾನಗರದಲ್ಲಿ ಕೊಂಕಣಿ, ಕನ್ನಡ, ಮರಾಠಿ ರಂಗಭೂಮಿಗಳು ಅವರಿಗೆ ಏಕಕಾಲದಲ್ಲಿ ಪಾಠಶಾಲೆಗಳಾದುವು. ಸತ್ಯದೇವ ದುಬೆಯವರಂಥ ನಿರ್ದೇಶಕರ ಸಹವಾಸ ದೊರೆಯಿತು. ದುಬೆಯವರ ರಂಗಪದ್ಧತಿಯಲ್ಲಿ ದೃಶ್ಯವೈಭವಕ್ಕಿಂತ ಮಾತಿಗೆ ಪ್ರಾಧಾನ್ಯ. ಮಾತೆಂದರೆ ಘೋಷಣೆಯಲ್ಲ, ಅರ್ಥದ ಏರಿಳಿತ, ನಡುವಣ ಮೌನ. ಕಂಪನಿ ನಾಟಕಗಳ ನಟನಿಗೆ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುವ ಹೊಣೆಯಿತ್ತು. ಈ ಹೊಸ ರಂಗಭೂಮಿಯ ನಟನಿಗೆ ಎದುರಿನ ಪಾತ್ರಕ್ಕೆ ಕಿವಿಗೊಡುವ ಹೊಣೆ ಬಂದಿತು. ಅನಂತನಾಗ್ ಅವರ ಅಭಿನಯದಲ್ಲಿ ಎದ್ದುಕಾಣುವ ‘ಕೇಳಿಸಿಕೊಳ್ಳುವ’ ಗುಣದ ಬೇರು ಇಲ್ಲಿರುವಂತೆ ತೋರುತ್ತದೆ. 1973ರಲ್ಲಿ ಶ್ರೀ ಪಿ.ವಿ. ನಂಜರಾಜ ಅರಸ್ ಅವರ ‘ಸಂಕಲ್ಪ’ದ ಮೂಲಕ ಅವರು ಕನ್ನಡ ಚಿತ್ರರಂಗಕ್ಕೆ ಬಂದರು; ಮರುವರ್ಷವೇ ‘ಅಂಕುರ್’ ಬಂದಿತು.

‘ಅಂಕುರ್’ನ ನಿರ್ದೇಶಕ ಶ್ಯಾಮ್ ಬೆನೆಗಲ್ (1934–2024) ಹೈದರಾಬಾದಿನಲ್ಲೇ ಬೆಳೆದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು, ಅವರ ಮನೆತನದ ಮೂಲ ಕರ್ನಾಟಕದ ಕರಾವಳಿ. ಚಿತ್ರದ ಕಥಾವಸ್ತು ಸರಳ. ಓದು ಮುಂದುವರಿಸಬೇಕೆಂದಿದ್ದ ಜಮೀನ್ದಾರನ ಮಗ ಸೂರ್ಯ ತಂದೆಯ ಆಜ್ಞೆಯಂತೆ ಹಳ್ಳಿಗೆ ಬರುತ್ತಾನೆ. ಜಾತಿಯ ಕಟ್ಟನ್ನು ಲೆಕ್ಕಿಸದೆ ಕುಂಬಾರರ ಲಕ್ಷ್ಮಿಯ ಕೈಯ ಚಹ ಕುಡಿಯುತ್ತಾನೆ. ಅವಳ ಗಂಡ, ಕಿವುಡು ಮೂಗನಾದ ಕಿಷ್ಟಯ್ಯ, ಸೇಂದಿ ಕದ್ದು ಸಿಕ್ಕಿಬಿದ್ದು ಅವಮಾನಿತನಾಗಿ ಊರು ಬಿಡುತ್ತಾನೆ. ಸೂರ್ಯ ಲಕ್ಷ್ಮಿಯನ್ನು ಕೂಡಿಕೊಳ್ಳುತ್ತಾನೆ. ಅವಳು ಗರ್ಭಿಣಿಯಾದಾಗ ಕೈಬಿಡುತ್ತಾನೆ. ಕೊನೆಗೆ ಕೆಲಸ ಬೇಡಲು ಬಂದ ಕಿಷ್ಟಯ್ಯನನ್ನು ಸೇಡಿಗೆ ಬಂದವನೆಂದು ಭ್ರಮಿಸಿ ಹೊಡೆಯುತ್ತಾನೆ.

ಈ ಪಾತ್ರವನ್ನು ಖಳನನ್ನಾಗಿ ಮಾಡುವುದು ಸುಲಭ. ಪಶ್ಚಾತ್ತಾಪಪಡುವ ಸಜ್ಜನನನ್ನಾಗಿ ಮಾಡುವುದು ಇನ್ನೂ ಸುಲಭ. ಅನಂತನಾಗ್ ಎರಡು ದಾರಿಗಳನ್ನೂ ತೊರೆದಿದ್ದಾರೆ. ಚಹ ಕೇಳುವ ಸೂರ್ಯನಲ್ಲಿ ಕಾಣುವ ಉದಾರತೆ ಸುಳ್ಳಲ್ಲ. ಅದಕ್ಕೆ ಬೆಲೆ ತೆರಬೇಕಾದ ದಿನ ಅದು ಉಳಿಯುವುದಿಲ್ಲ, ಅಷ್ಟೆ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂಬ ಚತುರ್ವಿಧ ಅಭಿನಯದಲ್ಲಿ ಇಲ್ಲಿ ಆಹಾರ್ಯಕ್ಕೆ ಹೆಚ್ಚಿನ ಕೆಲಸವಿಲ್ಲ. ಆಂಗಿಕದಲ್ಲಿ, ದೊರೆತನ ಬಂದ ಮೇಲೂ ಮೈ ತುಂಬದ ಹುಡುಗನ ಸಡಿಲತೆ ಇದೆ. ವಾಚಿಕಕ್ಕೆ ದಖನಿ ಹಿಂದಿಯ ಲಯ ಒದಗಿದೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಪ್ರದೇಶಗಳೇ ಆಗಿದ್ದುದರಿಂದ ಈ ನುಡಿ ಆ ಕಡೆಯ ಕನ್ನಡಿಗನ ಕಿವಿಗೆ ಪರಕೀಯವಲ್ಲ. ಕರಾವಳಿಯ ಮನೆಮಾತಿನ ನಟನೊಬ್ಬ ಅದನ್ನು ವಿನೋದಕ್ಕಾಗಿ ಬಳಸದೆ ಅಧಿಕಾರದ ಭಾಷೆಯಾಗಿ ನುಡಿದುದು ಸಣ್ಣ ಸಾಧನೆಯಲ್ಲ. ಎಲ್ಲಕ್ಕೂ ಮಿಗಿಲಾದುದು ಸಾತ್ತ್ವಿಕ. ಕಿಷ್ಟಯ್ಯನನ್ನು ಹೊಡೆಯುವಾಗ ಸೂರ್ಯನ ಮುಖದಲ್ಲಿರುವುದು ಕ್ರೋಧವಲ್ಲ, ಭಯ. ಭಯವೇ ಹಿಂಸೆಯಾಗುವ ಆ ಕ್ಷಣದಲ್ಲಿ ಒಂದು ಸಾಮಾಜಿಕ ವ್ಯವಸ್ಥೆಯ ಒಳಗುಟ್ಟು ಬಯಲಾಗುತ್ತದೆ. ಲಕ್ಷ್ಮಿಯ ಪಾತ್ರಕ್ಕೆ ಶ್ರೀಮತಿ ಶಬಾನಾ ಆಜ್ಮಿ, ಕಿಷ್ಟಯ್ಯನ ಪಾತ್ರಕ್ಕೆ ಸಾಧು ಮೆಹರ್ ರಾಷ್ಟ್ರಪ್ರಶಸ್ತಿ ಪಡೆದರು. ಸೂರ್ಯನಿಗೆ ಪ್ರಶಸ್ತಿ ಬರಲಿಲ್ಲ. ನೊಂದವರ ಅಭಿನಯ ಕಣ್ಣಿಗೆ ಕಾಣುತ್ತದೆ, ನೋಯಿಸಿದವನದು ಕಾಣುವುದಿಲ್ಲ. ಆದರೆ ಸೂರ್ಯ ನಂಬಲರ್ಹನಾಗದಿದ್ದರೆ ಲಕ್ಷ್ಮಿಯ ಶಾಪಕ್ಕೆ ಗುರಿಯೇ ಇರುತ್ತಿರಲಿಲ್ಲ.

ಬೆನೆಗಲ್ಲರ ಮುಂದಿನ ಚಿತ್ರಗಳು ಈ ಒಂದೇ ಮನೋಧರ್ಮದ ಬೇರೆ ಬೇರೆ ಮುಖಗಳನ್ನು ತೋರಿಸಿದುವು. ತೆಲಂಗಾಣದ ಜಮೀನ್ದಾರಿಯನ್ನೇ ವಸ್ತುವಾಗುಳ್ಳ ‘ನಿಶಾಂತ್’ನಲ್ಲಿ (1975) ಅವರು ಅಣ್ಣನ ನೆರಳಿನಲ್ಲಿ ಮಾತ್ರ ಶೂರನಾದ ತಮ್ಮ, ‘ಮಂಥನ್’ನಲ್ಲಿ (1976) ಹಳ್ಳಿಯ ಹೆಣ್ಣೊಬ್ಬಳ ಸ್ನೇಹಕ್ಕೆ ಸಿಲುಕಿ, ನಾಯಕನಿಂದ ಹಿಂದಕ್ಕೆ ಕಳುಹಿಸಲ್ಪಡುವ ಕಾರ್ಯಕರ್ತ. 1978ರಲ್ಲಿ ಹಿಂದಿಯಲ್ಲಿ ‘ಕೊಂಡುರಾ’, ತೆಲುಗಿನಲ್ಲಿ ‘ಅನುಗ್ರಹಂ’ ಎಂದು ತಯಾರಾದ ಚಿತ್ರದಲ್ಲಿ, ದೈವದ ವರ ತನಗೆ ದೊರೆತಿದೆಯೆಂಬ ನಂಬಿಕೆಯಿಂದಲೇ ಅನರ್ಥಕ್ಕೆ ಕಾರಣನಾಗುವ ಗೃಹಸ್ಥ. ಮೂವರೂ ದುಷ್ಟರಲ್ಲಿ ಅತ್ಯಂತ ದುಷ್ಟರಲ್ಲ, ಒಳ್ಳೆಯವರಲ್ಲಿ ಒಳ್ಳೆಯವರೂ ಅಲ್ಲ. ನಡುವಣ ಈ ನೆಲವೇ ಅನಂತನಾಗ್ ಅವರ ಉಂಬಳಿ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. 1975ರಲ್ಲಿ ಶ್ರೀ ಜಿ.ವಿ. ಅಯ್ಯರ್ ಅವರು ತ.ರಾ.ಸು. ಅವರ ಕಾದಂಬರಿಯನ್ನಾಧರಿಸಿ ನಿರ್ಮಿಸಿದ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ ಅಧೀರನೇ? ಪ್ರಭುವಿನ ಆಜ್ಞೆಗೆ ಮಣಿದು ಹಾಡುವುದಕ್ಕಿಂತ ನಾಲಿಗೆಯನ್ನೇ ಬಲಿಕೊಟ್ಟನೆಂಬ ಐತಿಹ್ಯವುಳ್ಳ ಆ ಗಾಯಕನಿಗಿಂತ ಧೀರರು ಯಾರು? ಆಕ್ಷೇಪ ಸಾಧುವಾದುದೇ. ಆದರೂ ಅಭಿನಯವನ್ನು ಸೂಕ್ಷ್ಮವಾಗಿ ಅವಲೋಕಿಸಿದರೆ, ನಟರು ತಮ್ಮ ಶಕ್ತಿಯನ್ನೆಲ್ಲ ತೊಡಗಿಸಿರುವುದು ಕೊನೆಯ ತ್ಯಾಗದ ಮೇಲಲ್ಲ, ಅದಕ್ಕೆ ಹಿಂದಿನ ಅಹಂಕಾರ, ತಪ್ಪುಹೆಜ್ಜೆ, ಅಲೆದಾಟಗಳ ಮೇಲೆ. ಕಂಠ ಶ್ರೀ ಬಾಲಮುರಳಿಕೃಷ್ಣ ಅವರದು. ಅದಕ್ಕಾಗಿ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಪರರ ಕಂಠಕ್ಕೆ ತನ್ನ ಉಸಿರನ್ನು ಕೂಡಿಸುವ ಆ ಕಠಿನ ಕಾರ್ಯದಲ್ಲಿ ನಟರು ತೋರಿದ ಸಂಯಮ ಪ್ರಶಂಸಾರ್ಹ. ವೆಂಕಟಸುಬ್ಬಯ್ಯನ ಧೈರ್ಯ ಹುಟ್ಟಿನಿಂದ ಬಂದುದಲ್ಲ, ಅಧೈರ್ಯವನ್ನು ದಾಟಿ ಗಳಿಸಿದ್ದು. ಹೀಗಾಗಿ ಈ ಅಪವಾದವೂ ಸೂತ್ರವನ್ನು ಮುರಿಯುವುದಿಲ್ಲ, ಹಿಗ್ಗಿಸುತ್ತದೆ.

ಕನ್ನಡದ ಜನಪ್ರಿಯ ಚಿತ್ರರಂಗ ಈ ಪ್ರತಿಭೆಯನ್ನು ಬೇರೆ ರೀತಿಯಲ್ಲಿ ಬಳಸಿಕೊಂಡಿತು. ‘ಬಯಲುದಾರಿ’ (1976), ‘ನಾ ನಿನ್ನ ಬಿಡಲಾರೆ’ (1979) ಮುಂತಾದ ಚಿತ್ರಗಳು ಅವರನ್ನು ಮನೆಮನೆಯ ನಾಯಕನನ್ನಾಗಿ ಮಾಡಿದುವು. ತಮ್ಮ ಶಂಕರನಾಗ್ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಯೋಧನಾಗಿ ಕಾಲಿಟ್ಟು ಸಾಹಸದ ಪ್ರತಿಮೆಯಾದರೆ, ಅಣ್ಣ ಗೃಹಸ್ಥನ ಪ್ರತಿಮೆಯಾದರು. ‘ಗಣೇಶನ ಮದುವೆ’ಯಂಥ (1990) ವಿನೋದಚಿತ್ರಗಳಲ್ಲಿ ಅದೇ ಅಧೀರ ನಗೆಯ ವೇಷ ತೊಟ್ಟಿದ್ದಾನೆ: ವಠಾರದ ಜಗಳಕ್ಕೆ ಮೊದಲು ನುಗ್ಗುವವನೂ ಅವನೇ, ಮೊದಲು ಪೇಚಿಗೆ ಸಿಕ್ಕುವವನೂ ಅವನೇ. ಪ್ರೇಕ್ಷಕ ಅಲ್ಲಿ ತನ್ನನ್ನೇ ಕಂಡು ನಕ್ಕ. ಆದರೆ ಗುಣದೊಡನೆ ದೋಷವನ್ನೂ ಹೇಳುವುದು ವಿಮರ್ಶೆಯ ಧರ್ಮ. ಒಂದೇ ಅಚ್ಚಿನ ಸಾಂಸಾರಿಕ ಕಥೆಗಳು ಒಂದರ ಮೇಲೊಂದು ಬಂದಾಗ ನಟರು ಕಂಠಮಾಧುರ್ಯ, ಮುಗುಳ್ನಗೆಗಳ ಬಂಡವಾಳದ ಮೇಲೆ ಬರಿಯ ಬಡ್ಡಿಯನ್ನು ಎಣಿಸಿಕೊಂಡ ಪಾತ್ರಗಳೂ ಸಾಕಷ್ಟಿವೆ. ಸೂರ್ಯನಲ್ಲಿ ಭಯಂಕರವಾಗಿದ್ದ ಸಡಿಲತೆ ಇಲ್ಲಿ ಬರಿಯ ಚೆಲುವಾಗಿಬಿಟ್ಟಿತು. ಪ್ರೇಕ್ಷಕನನ್ನು ಕಾಡಬೇಕಾದ ಗುಣ ಅವನನ್ನು ಸಂತೈಸತೊಡಗಿದುದು ನಷ್ಟವೆಂದೇ ಹೇಳಬೇಕು.

ಈ ನಷ್ಟವನ್ನು ತುಂಬಿಕೊಟ್ಟುವು ಯು.ಆರ್. ಅನಂತಮೂರ್ತಿಯವರ ಕೃತಿಗಳನ್ನು ಆಧರಿಸಿದ ಎರಡು ಚಿತ್ರಗಳು. ಎಂ.ಎಸ್. ಸತ್ಯು ಅವರ ‘ಬರ’ದಲ್ಲಿ (1982) ಅವರು ಜಿಲ್ಲಾಧಿಕಾರಿ. ಪ್ರಾಮಾಣಿಕ, ವಿದ್ಯಾವಂತ, ದಯಾಪರ. ಆದರೆ ಕ್ಷಾಮವನ್ನು ಕ್ಷಾಮವೆಂದು ಸಾರುವ ಅಧಿಕಾರವೂ ಅವನ ಕೈಯಲ್ಲಿಲ್ಲ. ಹೇಡಿತನ ಬೇರೆ, ನಿರುಪಾಯ ಬೇರೆ. ಈ ಎರಡರ ನಡುವಣ ಕೂದಲೆಳೆಯ ಅಂತರವನ್ನು ನಟರು ಕಾಯ್ದುಕೊಂಡಿರುವ ರೀತಿ ಅಭ್ಯಾಸಯೋಗ್ಯವಾಗಿದೆ. ಕೃಷ್ಣ ಮಾಸಡಿಯವರ ‘ಅವಸ್ಥೆ’ಯಲ್ಲಿ ಅವರು ಹೋರಾಟದಿಂದ ಮೇಲೆ ಬಂದು, ಪಾರ್ಶ್ವವಾಯುವಿಗೆ ತುತ್ತಾದ ಜನನಾಯಕ ಕೃಷ್ಣಪ್ಪ ಗೌಡ. ನಾಯಕ ಎಂಬ ಶಬ್ದದ ಅರ್ಥವನ್ನೇ ಪ್ರಶ್ನಿಸುವ ಪಾತ್ರವದು. ಮುಂದೆ 1994ರಲ್ಲಿ ಮಲ್ಲೇಶ್ವರದಿಂದ ವಿಧಾನಸಭೆಗೆ ಆಯ್ಕೆಯಾಗಿ, ಜೆ.ಎಚ್. ಪಟೇಲರ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದ ನಟರು ಅಧಿಕಾರದ ಅಸಹಾಯತೆಯನ್ನು ಅದಕ್ಕೂ ಮೊದಲೇ ಕಲೆಯಲ್ಲಿ ಅರಿತಿದ್ದರೆಂಬುದು ಗಮನಾರ್ಹ.

ಮುಪ್ಪಿನಲ್ಲಿ ಅನೇಕ ನಟರು ತಮ್ಮ ಯೌವನದ ನೆರಳಾಗಿ ಉಳಿಯುತ್ತಾರೆ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ವೆಂಕೋಬರಾವ್ ಈ ಮಾತಿಗೆ ಅಪವಾದ. ಮರೆವಿನ ರೋಗಕ್ಕೆ ಸಿಕ್ಕಿ ದಾರಿ ತಪ್ಪಿದ ಈ ವೃದ್ಧನಲ್ಲಿ ಅಧೈರ್ಯ ನೈತಿಕ ದೋಷವಲ್ಲ, ದೇಹಧರ್ಮ. ನೆನಪು ಕೈಕೊಟ್ಟ ಗಳಿಗೆಯಲ್ಲಿ ಕಣ್ಣು ಬರಿದಾಗುವುದನ್ನೂ, ಮರುಗಳಿಗೆ ಹಳೆಯ ಪ್ರೀತಿಯೊಂದು ಅಲ್ಲಿ ಮಿನುಗುವುದನ್ನೂ ಅವರು ಯಾವ ಕಣ್ಣೀರಿನ ಒತ್ತಾಯವಿಲ್ಲದೆ ತೋರಿಸಿದ್ದಾರೆ. ಸೂರ್ಯನನ್ನು ಕ್ಷಮಿಸದ ಪ್ರೇಕ್ಷಕ ವೆಂಕೋಬರಾಯರ ಕೈ ಹಿಡಿಯಬಯಸುತ್ತಾನೆ. ನಲವತ್ತೆರಡು ವರ್ಷಗಳ ಅಂತರದಲ್ಲಿ ದೌರ್ಬಲ್ಯದ ಎರಡು ತುದಿಗಳನ್ನೂ ಮುಟ್ಟಿಬಂದ ನಟನಿಗೆ 2025ರಲ್ಲಿ ಪದ್ಮಭೂಷಣ ಸಂದಿತು. ಅದು ತಡವಾಗಿ ಬಂದುದಾದರೂ ತಕ್ಕ ಮನ್ನಣೆ.

ಈ ಕಲಾಜೀವನದಿಂದ ಹೊರನಾಡಿನ ಕನ್ನಡಿಗ ಗ್ರಹಿಸಬೇಕಾದ ಒಂದು ಅಂಶವಿದೆ. ಹೊರನಾಡು ಎಂದರೆ ಒಳನಾಡಿನಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನು ಕೆಡದಂತೆ ಕಾಯುವ ಸ್ಥಳ ಎಂಬ ಭಾವನೆ ನಮ್ಮ ಸಂಘಸಂಸ್ಥೆಗಳಲ್ಲಿ ಬಲವಾಗಿದೆ. ಅನಂತನಾಗ್ ಅವರ ನಿದರ್ಶನ ಬೇರೊಂದನ್ನು ಹೇಳುತ್ತದೆ. ಕೊಂಕಣಿಯ ಮನೆ, ಮುಂಬಯಿಯ ಮರಾಠಿ ಹಿಂದಿ ರಂಗಭೂಮಿ, ತೆಲಂಗಾಣದ ನೆಲ, ದಖನಿಯ ನುಡಿ: ಇವುಗಳಲ್ಲಿ ಯಾವುದೂ ಅವರನ್ನು ಕನ್ನಡದಿಂದ ಕಸಿದುಕೊಳ್ಳಲಿಲ್ಲ. ಕನ್ನಡದೊಳಗೇ ಬೆಳೆದ ಪರಂಪರೆ ಧೀರನನ್ನು ಚೆನ್ನಾಗಿ ಬಲ್ಲದು. ಅಧೀರನ ಪರಿಚಯ ಪೂರ್ಣವಾಗಲು ಹಲವು ನುಡಿಗಳಲ್ಲಿ ಅಲೆದುಬಂದ ಈ ನಟ ಬೇಕಾಯಿತು. ಅವರು ಕನ್ನಡಕ್ಕೆ ತಂದುದು ಹೊರಗಿನ ಸರಕಲ್ಲ, ಕನ್ನಡಿಗ ತನ್ನ ಮುಖವನ್ನು ಅಲಂಕಾರವಿಲ್ಲದೆ ನೋಡಿಕೊಳ್ಳಬಲ್ಲ ಕನ್ನಡಿ. ನಾಲ್ಕು ಬಗೆಯ ನಾಯಕರ ಪಂಕ್ತಿಯಲ್ಲಿ ಐದನೆಯ ಎಲೆ ಹಾಕಿಸಿದ ಕೀರ್ತಿಯಲ್ಲಿ ಅವರ ಪಾಲು ದೊಡ್ಡದು.